ಗುಂಡಿಯ ಮೇಲೆ ಉಪವಾಸ

ಸರ್ಕಾರವೂ ವಿರೋಧ ಪಕ್ಷವೂ ಇರುವ ಊರಿನಲ್ಲಿ ಇಂಥವು ನಡೆಯುತ್ತಲೇ ಇರುತ್ತವೆ. ನಾನು ನೋಡಿದ್ದು ಬರೋಡಾದಲ್ಲಿ, ಅರುವತ್ತರ ದಶಕದಲ್ಲಿ. ವಿಮಾ ಕಚೇರಿಯವರು ನನ್ನನ್ನು ಧಾರವಾಡದಿಂದ ಅಲ್ಲಿಗೆ ವರ್ಗ ಮಾಡಿದ್ದರು. ಮಂಜಲ್‌ಪುರದ ಬಳಿ ಮನೆ. ಎರಡು ಹೊತ್ತೂ ಊಟ ಉಡುಪಿ ಕಡೆಯ ಭಟ್ಟರೊಬ್ಬರು ಆಗಷ್ಟೇ ತೆರೆದಿದ್ದ ಹೋಟೆಲಿನಲ್ಲಿ. ಆ ಹೋಟೆಲಿನ ಎದುರಿಗೇ ರಸ್ತೆಯಲ್ಲಿ ಒಂದು ಗುಂಡಿ. ಮಳೆ ಬಂದರೆ ಅದು ತುಂಬುತ್ತಿತ್ತು, ಲಾರಿ ಬಂದರೆ ಖಾಲಿಯಾಗುತ್ತಿತ್ತು. ಬಿಳಿ ಧೋತರ ಉಟ್ಟು ಬಂದ ಗಿರಾಕಿಗಳು ಕಾಫಿ ಬಣ್ಣದಲ್ಲಿ ಹಿಂದಿರುಗುತ್ತಿದ್ದರು. ಹಿಂದಿರುಗಿದವರು ಮತ್ತೆ ಬರುತ್ತಿರಲಿಲ್ಲ.

"ಇದು ಹೀಗೇ ಆದ್ರೆ ಹೋಟ್ಲು ಮುಚ್ಚುದೇ ಮಾರಾಯ್ರೆ. ಬೊಂಬಾಯಿಗೆ ಹೋಗಿ ಭಾವನ ಹೋಟ್ಲಲ್ಲಿ ಮತ್ತೆ ತಟ್ಟೆ ಎತ್ಬೇಕು" ಎನ್ನುತ್ತಿದ್ದರು ಭಟ್ಟರು. ಅವರಿಗೆ ಸಾವಿಗಿಂತ ಭಾವನ ಹೆದರಿಕೆ ಹೆಚ್ಚು.

ಭಾಷಣ

ಭಟ್ಟರು ಹೋಗಿ ವಿರೋಧ ಪಕ್ಷದ ಸ್ಥಳೀಯ ಮುಖಂಡರನ್ನು ಕರೆತಂದರು. ಎಲ್ಲರೂ ಅವರನ್ನು ಕಾಕಾ ಎನ್ನುತ್ತಿದ್ದರು. ಕಾಕಾ ಗುಂಡಿಯ ಅಂಚಿನಲ್ಲಿ ಸ್ಟೂಲು ಹಾಕಿಸಿ ಮಾತನಾಡಿದರು.

"ಒಂದು ಗುಂಡಿ ಮುಚ್ಚಲು ಈ ಸರ್ಕಾರ ಬಿಡಿಗಾಸು ಬಿಚ್ಚುವುದಿಲ್ಲ!" ಚಪ್ಪಾಳೆ.

"ಇದೇ ರಸ್ತೆಗೆ ಜನರ ಹಣವನ್ನು ನೀರಿನಂತೆ ಸುರಿದಿದೆ!" ಇನ್ನೂ ದೊಡ್ಡ ಚಪ್ಪಾಳೆ.

"ಅಲ್ಲಿ ಕೊಯಾಲಿಯಲ್ಲಿ ಎಣ್ಣೆ ಶುದ್ಧಮಾಡುವ ಕಾರ್ಖಾನೆ, ಇಲ್ಲಿ ಒಂದು ಡಬ್ಬಿ ಡಾಂಬರಿಲ್ಲ!"

ಭಟ್ಟರು ನನ್ನ ಕಡೆ ಬಾಗಿ, "ಸುರಿದದ್ದು ಹೌದೋ, ಅಲ್ವೋ?" ಎಂದರು. ನನಗೂ ತಿಳಿಯಲಿಲ್ಲ. ಸಭೆ ಮುಗಿದ ಮೇಲೆ ಕಾಕಾ ಅವರನ್ನೇ ಕೇಳಿದೆ: "ಖರ್ಚು ಕಡಿಮೆಯಾಯಿತು ಎನ್ನುತ್ತೀರೋ, ಹೆಚ್ಚಾಯಿತು ಎನ್ನುತ್ತೀರೋ?"

"ಎರಡೂ, ಸಾಹೇಬ್."

"ಹಾಗಾದರೆ ಎಷ್ಟು ಖರ್ಚು ಮಾಡಬೇಕು?"

ಕಾಕಾ ಪ್ರೀತಿಯಿಂದ ನನ್ನ ಭುಜದ ಮೇಲೆ ಕೈಯಿಟ್ಟರು. "ಅದನ್ನು ಯೋಚಿಸುವುದು ಸರ್ಕಾರದ ಕೆಲಸ."

ಆಮರಣ

ಭಾಷಣದಿಂದ ಗುಂಡಿ ಸ್ವಲ್ಪ ಹಿಗ್ಗಿತು, ಅಷ್ಟೆ. ಆಗ ಕಾಕಾ ಘೋಷಿಸಿದರು: ರಸ್ತೆ ಆಗುವವರೆಗೆ ಅನ್ನ ಮುಟ್ಟುವುದಿಲ್ಲ. ಗುಂಡಿಯ ಮೇಲೆ ಹಲಗೆ ಹಾಸಿ, ಚಪ್ಪರ ಕಟ್ಟಿ, ಹೋಟೆಲಿನತ್ತ ಮುಖಮಾಡಿ ಕುಳಿತರು. ಭಟ್ಟರು ಸಂಭ್ರಮದಿಂದ ಬಾಳೆಕಂಬ ಕಟ್ಟಿದರು.

ಮಧ್ಯಾಹ್ನವೇ ಭಟ್ಟರ ಮುಖ ಇಳಿಯಿತು. ಹಸಿದು ಕುಳಿತ ಹಿರಿಯರ ಕಣ್ಣೆದುರಿಗೆ ದೋಸೆ ಮುರಿಯುವ ಧೈರ್ಯ ಯಾರಿಗಿದೆ? ಬಂದವರು ಕಾಕಾಗೆ ಕೈಮುಗಿದು ಹಾಗೆಯೇ ಮುಂದೆ ಹೋಗುತ್ತಿದ್ದರು. ನಾನು ಹಿಂಬಾಗಿಲಿನಿಂದ ನುಗ್ಗಿ, ಅಡುಗೆಮನೆಯಲ್ಲಿ ಗೋಡೆಗೆ ಮುಖಮಾಡಿ ಇಡ್ಲಿ ತಿನ್ನುತ್ತಿದ್ದೆ.

ಮರುದಿನ ಕಾಕಾನ ಹಿಂಬಾಲಕನೊಬ್ಬ ಬಂದ. "ಭಟ್ಟಜೀ, ಸಾಂಬಾರಿಗೆ ಒಗ್ಗರಣೆ ಹಾಕಬೇಡಿ. ವಾಸನೆ ಬರುತ್ತದೆ. ಅದು ಹಿಂಸೆ."

"ಒಗ್ಗರಣೆ ಇಲ್ಲದೆ ಎಂತ ಸಾಂಬಾರು?"

"ದೇಶಕ್ಕಾಗಿ."

ಭಟ್ಟರು ಒಲೆ ಆರಿಸಿದರು. ಗುಂಡಿ ಮಾಡಲಾರದ್ದನ್ನು ಹೋರಾಟ ಮಾಡಿತ್ತು: ಹೋಟೆಲಿನಲ್ಲಿ ಈಗ ಒಬ್ಬ ಗಿರಾಕಿಯೂ ಇರಲಿಲ್ಲ. "ನಾನೇ ಕರ್ಕೊಂಡು ಬಂದದ್ದಲ್ವಾ ಇವ್ರನ್ನು?" ಎಂದು ಅವರು ನನ್ನನ್ನು ಕೇಳಿದರು, ಯಾರಾದರೂ ಅಲ್ಲ ಎಂದಾರೆಂಬ ಆಸೆಯಿಂದ.

ಎಂಜಿನಿಯರು

ಸರ್ಕಾರ ಹೆದರಿತು. ಒಬ್ಬ ತರುಣ ಎಂಜಿನಿಯರು ಜಲ್ಲಿ, ಡಾಂಬರು, ಕೂಲಿಗಳೊಂದಿಗೆ ಬಂದಿಳಿದ.

"ಕಾಕಾ, ಏಳಿ. ಗುಂಡಿ ಮುಚ್ಚುತ್ತೇವೆ."

"ಮುಚ್ಚಿ, ಏಳುತ್ತೇನೆ."

"ನೀವು ಗುಂಡಿಯ ಮೇಲೆ ಕೂತಿದ್ದೀರಿ."

"ಗುಂಡಿ ಇರುವುದರಿಂದ ಕೂತಿದ್ದೇನೆ."

ಹೀಗೆ ಸಂಜೆಯವರೆಗೆ. ಕೊನೆಗೆ ಎಂಜಿನಿಯರು ಸುತ್ತ ನೋಡಿ, ಕನ್ನಡಕ ಹಾಕಿಕೊಂಡಿದ್ದವನು ನಾನೊಬ್ಬನೇ ಆದ್ದರಿಂದ ನನ್ನ ಬಳಿ ಬಂದ. "ಸಾಹೇಬ್, ನೀವು ಓದಿದವರಂತೆ ಕಾಣುತ್ತೀರಿ. ನಮ್ಮಲ್ಲಿ ಯಾರದು ಸರಿ?"

ನಾನು ಯೋಚಿಸಿ ನೋಡಿದೆ. ತರ್ಕಶಾಸ್ತ್ರ ಓದಿದ್ದು ಆ ದಿನ ನೆರವಿಗೆ ಬರಲಿಲ್ಲ. "ಇಬ್ಬರದೂ" ಎಂದೆ.

"ಹಾಗಾದರೆ ತಪ್ಪು ಯಾರದು?"

"ರಸ್ತೆಯದು."

ಆತ ಅದನ್ನೇ ಮೇಲಧಿಕಾರಿಗೆ ತಿಳಿಸುತ್ತೇನೆಂದು ಹೊರಟ.

ಕಾಕಿ

ಆ ವೇಳೆಗೆ ಶ್ರಾವಣ ಬಂದಿತ್ತು. ಕಾಕಾನ ಹೆಂಡತಿ ಮಗಳ ಮನೆಯಿಂದ ಸೂರತ್ ರೈಲಿನಲ್ಲಿ ಬಂದಿಳಿದು ನೇರ ಚಪ್ಪರಕ್ಕೆ ನಡೆದರು. ಗಂಡನ ಕುತ್ತಿಗೆಯ ಎಲುಬು ನೋಡಿ ಸೊಂಟದ ಮೇಲೆ ಕೈಯಿಟ್ಟರು.

"ಏನು ತಿಂದಿದ್ದೀರಿ?"

"ನಿಂಬೆ ನೀರು."

"ಯಾಕೆ?"

"ಉಪವಾಸ."

"ನಾನು ಹುಟ್ಟಿದಾಗಿನಿಂದ ಶ್ರಾವಣದ ಉಪವಾಸ ಮಾಡುತ್ತಿದ್ದೇನೆ, ಸೊರಗಿದ್ದೇನೆಯೇ?" ಸೊರಗಿರಲಿಲ್ಲ. "ಅನ್ನ ಬಿಡುತ್ತೇನೆ ಎಂದಿರಿ. ಸಾಬುದಾನ ಬಿಡುತ್ತೇನೆ ಎಂದಿರಾ? ಬಟಾಟೆ ಏನು ಪಾಪ ಮಾಡಿದೆ?"

ಕಾಕಾ ಹಿಂಬಾಲಕರ ಮುಖ ನೋಡಿದರು. ಹಿಂಬಾಲಕರು ಹೋಟೆಲಿನ ಮುಖ ನೋಡಿದರು.

ಭಟ್ಟರು ಕಂಗಾಲಾದರು. ಅವರ ಮನೆಯಲ್ಲಿ ಏಕಾದಶಿಯೆಂದರೆ ತುಳಸಿ ನೀರೂ ಹೆಚ್ಚು. "ಉಪವಾಸಕ್ಕೆ ಅಡಿಗೆ ಮಾಡುದಾ? ಇದು ಎಂತ ಶಾಸ್ತ್ರ?" ಆದರೆ ಕಾಕಿ ಆಗಲೇ ಸೆರಗು ಸಿಕ್ಕಿಸಿ ಅಡುಗೆಮನೆ ಹೊಕ್ಕಿದ್ದರು. ಸಾಬುದಾನದ, ಅಂದರೆ ನಮ್ಮ ಸಬ್ಬಕ್ಕಿಯ, ಖಿಚಡಿ, ಶೇಂಗಾ ಹಾಕಿದ ಬಟಾಟೆ ಪಲ್ಯ, ರಾಜಗಿರಿ ಪೂರಿ, ಮೇಲೆ ಗಟ್ಟಿ ಮೊಸರು.

ಘಮ ರಸ್ತೆಗೆ ಹರಿಯಿತು. ಊರಿನಲ್ಲಿ ಶ್ರಾವಣ ಹಿಡಿದವರೆಲ್ಲ ಬಂದರು. ಕಾಕಾನ ಜೊತೆ ಸಹ-ಉಪವಾಸಿಗಳೆಂದು ಹೆಸರು ಕೊಟ್ಟು, ತಟ್ಟೆ ಹಿಡಿದು ಸಾಲಾಗಿ ಕುಳಿತರು. ಆಡಳಿತ ಪಕ್ಷದ ಕೌನ್ಸಿಲರೂ ಬಂದು, ರಸ್ತೆಗೆ ಮಾಡಿದ ಖರ್ಚೆಲ್ಲ ನ್ಯಾಯವಾದದ್ದೆಂದು ಸಾಧಿಸಲು ಎದುರು ಬದಿಯಲ್ಲಿ ಪ್ರತಿ-ಉಪವಾಸ ಹೂಡಿದರು. ಅವರಿಗೂ ಖಿಚಡಿ ಇಲ್ಲಿಂದಲೇ. ಭಟ್ಟರು ಇನ್ನೂ ಎರಡು ಒಲೆ ಹಾಕಿಸಿದರು. ಕಾಕಾನ ಅಂಗಿಯ ಗುಂಡಿಗಳು ಬಿಗಿಯತೊಡಗಿದವು.

ಒಂದು ದಿನ ತೂಕ ನೋಡಲು ಸರ್ಕಾರಿ ಡಾಕ್ಟರು ಬಂದರು. ತೂಕ ನೋಡಿ, ಕನ್ನಡಕ ಒರೆಸಿ ಮತ್ತೊಮ್ಮೆ ನೋಡಿ, ಗಂಭೀರವಾಗಿ ಹೇಳಿದರು: "ಸ್ಥಿತಿ ಚಿಂತಾಜನಕ. ಸ್ವಲ್ಪ ಕಡಿಮೆ ಉಪವಾಸ ಮಾಡಿ."

ರೋಲರು

ಕೊನೆಗೆ ಸರ್ಕಾರ ಶರಣಾಯಿತು. ಚಪ್ಪರವನ್ನು ಪಕ್ಕಕ್ಕೆ ಸರಿಸಲು ಕಾಕಾ ಒಪ್ಪಿದರು. ಹೂವಿನ ಹಾರ ಹಾಕಿಕೊಂಡ ರೋಲರು ಉಗಿ ಬಿಡುತ್ತ ಬಂತು. ಜನ ಜಯಕಾರ ಮಾಡಿದರು. ಕಾಕಾ ಮೋಸಂಬಿ ರಸದ ಲೋಟ ಎತ್ತಿ ಇನ್ನೇನು ಉಪವಾಸ ಮುರಿಯಬೇಕು, ರೋಲರು ಗಕ್ಕನೆ ನಿಂತಿತು.

ಅದರ ಮುಂದೆ, ಗುಂಡಿಯಲ್ಲಿ, ಪಂಚೆ ಮಡಿಚಿ ಭಟ್ಟರು ಕುಳಿತಿದ್ದರು.

"ಭಟ್ಟಜೀ! ರಸ್ತೆ ಬೇಕೆಂದವರು ನೀವೇ ಅಲ್ಲವೇ?" ಎಂದರು ಕಾಕಾ.

ಭಟ್ಟರ ಗುಜರಾತಿ ಇಂಥ ಹೊತ್ತಿಗೆ ಕೈಕೊಡುತ್ತಿತ್ತು. ನನ್ನನ್ನು ಕರೆದರು. "ನೀವು ಹೇಳಿ ಮಾರಾಯ್ರೆ. ಇವರ ಉಪವಾಸ ಇವತ್ತು ನಿಂತ್ರೆ ನಾಳೆಯಿಂದ ನಂದು ಶುರು."

ನಾನು ಅನುವಾದಿಸಿದೆ. ಕಾಕಾ ಒಮ್ಮೆ ರೋಲರನ್ನು ನೋಡಿದರು, ಒಮ್ಮೆ ಕಾಕಿಯನ್ನು. ಲೋಟ ಕೆಳಗಿಟ್ಟು, ಗುಂಡಿಗಿಳಿದು ಭಟ್ಟರ ಪಕ್ಕ ಕುಳಿತು ಕೈಯೆತ್ತಿದರು.

"ಬಡ ಹೋಟೆಲಿನವನ ಹೊಟ್ಟೆಯ ಮೇಲೆ ರೋಲರು ಹಾಯಿಸಲು ಹೊರಟಿದೆ ಈ ಸರ್ಕಾರ! ಈ ಕೆಲಸ ನಿಲ್ಲುವವರೆಗೆ ನಾನು ಅನ್ನ ಮುಟ್ಟುವುದಿಲ್ಲ!"

ಭಟ್ಟರ ಕಣ್ಣಲ್ಲಿ ನೀರು ಬಂತು. ಕುಳಿತಲ್ಲಿಂದಲೇ ಹಿಂದಕ್ಕೆ ತಿರುಗಿ ಅಡುಗೆಯವನಿಗೆ ಕೂಗಿ ಹೇಳಿದರು:

"ಸಾಬುದಾನ ನೆನೆಹಾಕು!"