ನಿಂಬೆ ಕುಂಡದ ಹಾವು

ಕನ್ನಡಕ ರಾಯರ ಮನೆಯಲ್ಲಿ ಮೊದಲು ಗಿಡಗಳಿಗೆ ಜಾಗ, ಉಳಿದರೆ ರಾಯರಿಗೆ. ಮೂರನೇ ಮಹಡಿಯ ಆ ಪುಟ್ಟ ಮನೆಯ ಹಜಾರದಲ್ಲಿ ಜರಿಗಿಡ, ಬಚ್ಚಲ ಕಿಟಕಿಯಲ್ಲಿ ಬಳ್ಳಿ. ಅಡುಗೆಮನೆಗೆ ಅಂಟಿಕೊಂಡ ಗಾಜಿನ ಬಾಲ್ಕನಿಯಲ್ಲಂತೂ ಕಾಲಿಡಲು ಜಾಗವಿಲ್ಲ. ರಾಯರು ಪೇಪರ್ ಓದಬೇಕಾದರೆ ಎಲೆ ಸರಿಸಿಕೊಂಡು ಓದಬೇಕು. (ಒಮ್ಮೆ ಚಹಾ ಲೋಟವನ್ನು ಕುಂಡದ ಅಂಚಿನ ಮೇಲೆ ಇಟ್ಟಿದ್ದಕ್ಕೆ "ಗಿಡಕ್ಕೆ ಬಿಸಿ ತಾಗುತ್ತೆ ರೀ" ಎಂದು ಮನೆಯಾಕೆ ಗದರಿದ್ದರು. ಅದೇ ಚಹಾ ರಾಯರ ನಾಲಿಗೆ ಸುಟ್ಟಾಗ ಆಕೆ ಮರುಗಿದ್ದನ್ನು ಯಾರೂ ಕಂಡಿಲ್ಲ.)

ಇದೆಲ್ಲ ಅತ್ತೆಯ ಕಾಣಿಕೆ. ಮನೆಯಾಕೆಯ ತಾಯಿ ಇರುವುದು ರೈಲಿನಲ್ಲಿ ಒಂದು ಹಗಲಿನಷ್ಟು ದೂರ, ಕೆಳಗಿನ ಬಯಲಿನ ಬೆಚ್ಚನೆಯ ಊರಿನಲ್ಲಿ. ರಾಯರದು ಎತ್ತರದ ಊರು, ವರ್ಷವೆಲ್ಲ ಚಳಿ. ಅತ್ತೆ ಬಂದಾಗಲೆಲ್ಲ ಅವರ ಮಡಿಲಲ್ಲಿ ಒಂದು ಕುಂಡ ಇದ್ದೇ ಇರುತ್ತಿತ್ತು. ಮೂರು ವರ್ಷದ ಹಿಂದೆ ರಾಯರು ಎಲ್ಲಿಲ್ಲದ ಧೈರ್ಯ ತಂದುಕೊಂಡು, "ಇನ್ನು ನಿಮ್ಮಮ್ಮನ ಮನೆಯಿಂದ ಒಂದು ಚಿಟಿಕೆ ಮಣ್ಣೂ ಈ ಹೊಸಿಲು ದಾಟಕೂಡದು" ಎಂದು ರಾಜಾಜ್ಞೆ ಹೊರಡಿಸಿದ್ದರು. ಆಶ್ಚರ್ಯವೆಂದರೆ ಆಜ್ಞೆ ಪಾಲನೆಯಾಯಿತು. ಆಮೇಲೆ ಮನೆಗೆ ಬಂದದ್ದು ಒಂದೇ ಕುಂಡ, ಅದೂ ಅಪ್ಪಟ ಸ್ಥಳೀಯ. ಕಟ್ಟಡದ ಹಿತ್ತಲಿನ ಮಣ್ಣು ತುಂಬಿ ತಾನೇ ಬೆಳೆಸಿದ ನಿಂಬೆ ಗಿಡ ಎಂದು ಮನೆಯಾಕೆ ಹೇಳಿದ್ದರು. ತಾವು ಸಂಸಾರದಲ್ಲಿ ಗೆದ್ದ ಏಕೈಕ ಯುದ್ಧದ ಗುರುತಾಗಿ ರಾಯರು ಆ ಗಿಡವನ್ನು ಆಗಾಗ ನೋಡಿ ಮೀಸೆ ಸವರಿಕೊಳ್ಳುತ್ತಿದ್ದರು.

ರಾಯರಿಗೆ ಇನ್ನೊಂದು ಕೊರಗಿತ್ತು. ಅವರದು ಕನ್ನಡಕದ ಅಂಗಡಿ. ವಾರವೆಲ್ಲ ಊರಿನವರ ಕಣ್ಣು ನೋಡಿ, ಭಾನುವಾರ ಒಂದಿಷ್ಟು ಸಮಾನದುಃಖಿಗಳ ಜೊತೆ ಪೊದೆ ಪೊದೆ ತಿರುಗಿ ಹಾವು ಹುಡುಕುವುದು ಅವರ ಹವ್ಯಾಸ. ಊರಿನಲ್ಲಿ ಈವರೆಗೆ ಯಾರೂ ಕಾಣದ ಒಂದು ಹಾವನ್ನು ಕಂಡು, ವಸ್ತುಸಂಗ್ರಹಾಲಯದ ವಾರ್ಷಿಕ ಪುಸ್ತಕದಲ್ಲಿ 'ಮೊದಲು ಕಂಡವರು' ಎಂಬ ಕಡೆ ತಮ್ಮ ಹೆಸರು ಅಚ್ಚಾಗಬೇಕು ಎಂಬುದು ಅವರ ಜೀವನದ ಆಸೆ. ಇಷ್ಟು ವರ್ಷದಲ್ಲಿ ಅವರಿಗೆ ದಕ್ಕಿದ್ದು ನೆಗಡಿ, ಜಿಗಣೆ ಮತ್ತು ಮನೆಯಾಕೆಯ ಬೈಗುಳ. ಅದೇ ಗುಂಪಿನ ಹಲ್ಲಿನ ಡಾಕ್ಟರಿಗೆ ಮಾತ್ರ ತಮ್ಮ ಆಸ್ಪತ್ರೆಯ ಗವಾಕ್ಷಿಯಲ್ಲೇ ಊರಿಗೆ ಹೊಸದಾದ ಒಂದು ಹಲ್ಲಿ ಸಿಕ್ಕಿ, ಅವರ ಹೆಸರು ಪುಸ್ತಕ ಸೇರಿತ್ತು. ಆ ಪುಟಕ್ಕೆ ಕಟ್ಟು ಹಾಕಿಸಿ ಗೋಡೆಗೆ ತೂಗುಹಾಕಿದ ಡಾಕ್ಟರು, ಬಾಯಿ ತೆರೆದು ಮಲಗಿದ ಪ್ರತಿ ರೋಗಿಗೂ ಆ ಕಥೆ ಹೇಳುತ್ತಿದ್ದರು. (ಬಾಯಿ ತೆರೆದವರು ಎದುರು ಮಾತಾಡುವುದು ಹೇಗೆ?) ರಾಯರು ಆ ಕಥೆಯನ್ನು ಎರಡು ದವಡೆ ಹಲ್ಲು ಕೀಳಿಸಿಕೊಳ್ಳುವಷ್ಟು ಹೊತ್ತು ಕೇಳಿದ್ದರು.

ಹೀಗಿರಲು ಒಂದು ಬೆಳಿಗ್ಗೆ ರಾಯರಿಗೆ ಬಾಲ್ಕನಿಯಲ್ಲಿ ಒಂದು ಕುರ್ಚಿ ಹಾಕಿಕೊಂಡು ಬಿಸಿಲು ಕಾಯಿಸುವ ಮನಸ್ಸಾಯಿತು. ಮನೆಯಾಕೆ ಸ್ನಾನಕ್ಕೆ ಹೋದದ್ದೇ ತಡ, ನಿಂಬೆ ಕುಂಡವನ್ನು ತಬ್ಬಿಕೊಂಡು ಸರಿಸಿದರು. ಸೊಂಟ ಚಳುಕ್ಕೆಂದಿತು. (ಆ ಸೊಂಟಕ್ಕೂ ಒಂದು ಚರಿತ್ರೆಯಿದೆ. ಮೂರು ವರ್ಷದ ಹಿಂದೆ ಅತ್ತೆಯ ಮನೆಯಿಂದ ಅವರ ಹಳೇ ಹೊಲಿಗೆ ಮೆಷಿನ್ನನ್ನು ಹೊತ್ತು ತಂದಂದಿನಿಂದ ಅದು ಹೀಗೇ. ಮೆಷಿನ್ ಬಂದದ್ದೇ ರಿಪೇರಿಗೆ ಹೋಯಿತು. ಇನ್ನೂ ಅಲ್ಲೇ ಇದೆಯಂತೆ.) ಕುಂಡದ ಕೆಳಗಿನ ತಟ್ಟೆಯಲ್ಲಿ ಕಪ್ಪಗೆ, ತೆಳ್ಳಗೆ, ಗೇಣುದ್ದದ ಒಂದು ಎರೆಹುಳ ಬಿದ್ದಿತ್ತು. ಎತ್ತಿ ಬಿಸಾಕಲು ಬಗ್ಗಿದರು. ಹುಳ ನಾಲಿಗೆ ಚಾಚಿತು.

ಎರೆಹುಳಕ್ಕೆ ನಾಲಿಗೆಯೆಲ್ಲಿಯದು? ರಾಯರು ಓಡಿಹೋಗಿ ಅಂಗಡಿಯ ಭೂತಗನ್ನಡಿ ತಂದು ನೋಡಿದರು. ಮೈತುಂಬ ಹೊಳೆಯುವ ಹುರುಪೆ. ಕಣ್ಣಿನ ಜಾಗದಲ್ಲಿ ಎರಡು ಸೂಜಿಮೊನೆಯ ಚುಕ್ಕೆ.

"ಲೇ, ಬೇಗ ಬಾ, ಹಾವು" ಎಂದರು.

ಮನೆಯಾಕೆ ತಲೆಗೆ ಟವೆಲ್ ಸುತ್ತಿಕೊಂಡೇ ಬಂದು, ಭೂತಗನ್ನಡಿಯಲ್ಲಿ ಇಣುಕಿದರು. "ಇದಾ? ಇದಕ್ಕಿಂತ ನಿಮ್ಮ ಶೂ ಲೇಸು ದಪ್ಪ ಇದೆ."

"ಹಾವಿನಲ್ಲಿ ದಪ್ಪ ನೋಡಬಾರದು, ಜಾತಿ ನೋಡಬೇಕು. ಇದು ಹುಳುಹಾವು. ಕಣ್ಣು ಕಾಣಲ್ಲ, ಕಚ್ಚಲ್ಲ, ಇರುವೆ ಮೊಟ್ಟೆ ತಿಂದುಕೊಂಡು ಮಣ್ಣಲ್ಲಿರುತ್ತೆ."

"ಪಾಪ. ಊರಿಗೆಲ್ಲ ಕನ್ನಡಕ ಕೊಡೋರ ಮನೆಗೆ ಸರಿಯಾಗೇ ಬಂದಿದೆ ಬಿಡಿ" ಎಂದು ಆಕೆ ತಲೆ ಒರೆಸಿಕೊಳ್ಳುತ್ತ ಹೋದರು.

ರಾಯರು ಫೋಟೊ ತೆಗೆದು ವಸ್ತುಸಂಗ್ರಹಾಲಯದ ಹಾವಿನ ಮೇಡಂಗೆ ಕಳಿಸಿದರು. ಸ್ವಲ್ಪ ಹೊತ್ತಿಗೆ ಆಕೆಯೇ ಫೋನ್ ಮಾಡಿದರು. ಹುಳುಹಾವೇ ಹೌದು, ಬಯಲಿನ ಊರುಗಳಲ್ಲಿ ಮನೆಮನೆಯಲ್ಲೂ ಉಂಟು, ಈ ಚಳಿಯ ಊರಿನಲ್ಲಿ ಮಾತ್ರ ಒಮ್ಮೆಯೂ ದಾಖಲಾಗಿಲ್ಲ ಎಂದರು.

"ಕುಂಡದ ಮಣ್ಣು ಎಲ್ಲಿಯದು ಸರ್?"

"ನಮ್ಮ ಕಟ್ಟಡದ ಹಿತ್ತಲಿನದೇ ಮೇಡಂ. ಮನೆಯವಳು ಕೈಯಾರೆ ತುಂಬಿದ್ದು."

"ಹಾಗಾದ್ರೆ ಇದು ನಿಮ್ಮ ಊರ ನೆಲದಲ್ಲೇ ಇದೆ ಅಂತಾಯ್ತು. ದೊಡ್ಡ ವಿಷಯ. ಭಾನುವಾರ ಬಂದು ನೋಡ್ತೀನಿ. ಅಷ್ಟರೊಳಗೆ ಹಿತ್ತಲಲ್ಲಿ ಇನ್ನೂ ಇವೆಯಾ, ಹುಡುಕಿ ನೋಡಿ."

ಅಂದಿನಿಂದ ರಾಯರ ಕಾಲು ನೆಲದ ಮೇಲೆ ನಿಲ್ಲಲಿಲ್ಲ. ಅಂಗಡಿಗೆ ಬಂದವರಿಗೆಲ್ಲ ಕನ್ನಡಕದ ಜೊತೆ ಹಾವಿನ ವಿಷಯವನ್ನೂ ಕಟ್ಟಿಕೊಟ್ಟರು. ಹಲ್ಲಿನ ಡಾಕ್ಟರನ್ನು ಭಾನುವಾರಕ್ಕೆ ಖುದ್ದಾಗಿ ಕರೆದು ಬಂದರು. ಸಂಜೆ ಬೇಗ ಬಾಗಿಲು ಹಾಕಿ, ಗುದ್ದಲಿ ಹಿಡಿದು ಹಿತ್ತಲಿಗೆ ಇಳಿದರು. ಮನೆಯಾಕೆ ಮೇಲಿನಿಂದ ಬಗ್ಗಿ ನೋಡಿದರು.

"ರೀ, ಸಾಕು ಬನ್ನಿ. ಅಲ್ಲೇನೂ ಸಿಗಲ್ಲ."

"ನಿನಗೇನು ಗೊತ್ತು? ಮಣ್ಣು ತುಂಬೋವಾಗ ಎಲ್ಲಿ ಅಗೆದೆ, ಅದನ್ನ ಹೇಳು."

"ಅದೂ... ಅಲ್ಲೇ ಎಲ್ಲೋ."

ಎಲ್ಲೋ ಎಂದರೆ ಎಲ್ಲೆಲ್ಲೂ ಅಗೆಯಬೇಕಾಗುತ್ತದೆ. ರಾಯರು ಅಗೆದರು. ಗುಡ್ಡ ಅಗೆದವರಿಗೆ ಇಲಿಯಾದರೂ ಸಿಕ್ಕಿತಂತೆ. ರಾಯರಿಗೆ ಸಿಕ್ಕಿದ್ದು ಒಂದು ಚಮಚ, ಒಂದು ಗೊಂಬೆಯ ಕೈ, ಕೊನೆಗೆ ಕಟ್ಟಡದ ನೀರಿನ ಪೈಪು. ಪೈಪು ಬುಸ್ಸೆಂದಿತು. ಎರಡನೇ ಮಹಡಿಯ ಪೊಲೀಸಪ್ಪ ಮುಖಕ್ಕೆ ಹಚ್ಚಿದ ಸೋಪಿನ ಸಮೇತ ಕೆಳಗಿಳಿದು ಬಂದು, ಒಂದು ಕಣ್ಣು ಮಾತ್ರ ತೆರೆದು, "ಸ್ವಾಮಿ, ನಿಮ್ಮ ಹಾವಿಗೆ ಕಣ್ಣಿಲ್ಲ ಸರಿ, ನಿಮಗೇನಾಗಿದೆ?" ಎಂದು ಕೇಳಿದ. ಪ್ಲಂಬರ್ ಬರುವವರೆಗೆ ರಾಯರು ಪೈಪಿನ ಬಾಯಿಗೆ ತಮ್ಮ ಅಂಗಿ ಒತ್ತಿ ಹಿಡಿದು ಕೂತಿದ್ದರು. ಅವರ ಮುಖದಲ್ಲಿ ಆಗಲೂ ಸಂತೋಷವಿತ್ತು.

ಮನೆಯಾಕೆ ಮಾತ್ರ ಯಾಕೋ ಸಪ್ಪಗಾಗಿದ್ದರು. ಕೇಳದೆಯೇ ಎರಡೆರಡು ಸಲ ಚಹಾ ಕೊಟ್ಟರು. ಸೊಂಟಕ್ಕೆ ಎಣ್ಣೆ ತಿಕ್ಕಿದರು. ತಿಕ್ಕುತ್ತ ತಿಕ್ಕುತ್ತ, "ರೀ, ಒಂದು ಮಾತು ಹೇಳಬೇಕಿತ್ತು" ಎಂದು ಶುರುಮಾಡಿದರು.

"ನನಗೂ ಒಂದು ಮಾತಿದೆ. ನಿಮ್ಮಮ್ಮನ್ನ ಭಾನುವಾರಕ್ಕೆ ಬರಹೇಳಿದ್ದೀನಿ."

ಎಣ್ಣೆಯ ಕೈ ಅಲ್ಲೇ ನಿಂತಿತು. "ಅಮ್ಮನ್ನ ಯಾಕೆ?"

"ಯಾಕೆ ಅಂದ್ರೆ? ಅವರು ಹೊತ್ತು ತಂದ ಅಷ್ಟೊಂದು ಕುಂಡದಲ್ಲಿ ಒಂದು ನೆಟ್ಟಗಿನ ಎರೆಹುಳ ಹುಟ್ಟಲಿಲ್ಲ. ನಮ್ಮ ಹಿತ್ತಲ ಮಣ್ಣಲ್ಲಿ ಹಾವೇ ಹುಟ್ಟಿದೆ. ಬಂದು ಕಣ್ಣಾರೆ ನೋಡಲಿ. ನಿನ್ನ ಮಾತೇನು?"

"ಏನಿಲ್ಲ, ಮರೆತುಹೋಯ್ತು" ಎಂದರು ಆಕೆ. ಮರುದಿನವೆಲ್ಲ ಬಚ್ಚಲಿನ ಬಾಗಿಲು ಹಾಕಿಕೊಂಡು ಯಾರಿಗೋ ಫೋನ್ ಮಾಡಿದರು. ಯಾರೂ ಎತ್ತಲಿಲ್ಲ. (ಅತ್ತೆ ಪ್ರಯಾಣಕ್ಕೆ ಹೊರಡುವ ಹಿಂದಿನ ದಿನವೇ ಫೋನನ್ನು ಪೆಟ್ಟಿಗೆಯ ತಳದಲ್ಲಿ, ಸೀರೆಯೊಳಗೆ ಸುತ್ತಿ ಇಡುತ್ತಾರೆ. ಕಳ್ಳರ ಭಯ.)

ಭಾನುವಾರ ಬಂತು. ಹಾವಿನ ಮೇಡಂ ಬಂದರು. ಹಲ್ಲಿನ ಡಾಕ್ಟರು, ಯಾರದೋ ಮದುವೆಗೆ ಒಲ್ಲದ ಮನಸ್ಸಿನಿಂದ ಬಂದವರ ಮುಖ ಹೊತ್ತು ಬಂದರು. ಮೇಡಂ ದೊಡ್ಡ ತಟ್ಟೆಯಲ್ಲಿ ನಿಂಬೆ ಕುಂಡದ ಮಣ್ಣನ್ನು ಹಿಡಿಹಿಡಿಯಾಗಿ ಸುರಿದು ಕುಂಚದಿಂದ ಸರಿಸುತ್ತ ಹೋದರು. ಒಂದು ಹಾವು ಸಿಕ್ಕಿತು. ಅದರ ಹಿಂದೆ ಇನ್ನೊಂದು. ಬೇರಿನ ಹತ್ತಿರ ಅಕ್ಕಿಕಾಳಿನಂಥ ಮೊಟ್ಟೆಗಳು.

"ಸಂಸಾರವೇ ಇದೆ ಸರ್. ಅಭಿನಂದನೆ."

ರಾಯರಿಗೆ ಇಷ್ಟು ವರ್ಷದ ನೆಗಡಿ, ಜಿಗಣೆ ಎಲ್ಲವೂ ಸಾರ್ಥಕವೆನಿಸಿ ಕಣ್ಣು ತುಂಬಿ ಬಂತು. ಅವರು ಡಾಕ್ಟರ ಕಡೆ ತಿರುಗಿ, "ನಿಮ್ಮ ಹಲ್ಲಿ ಒಂದೇ ಇತ್ತಲ್ವೇ?" ಎಂದು ವಿನಯದಿಂದ ವಿಚಾರಿಸಿದರು.

ಆಗಲೇ ಅತ್ತೆಯ ಪ್ರವೇಶವಾಯಿತು. ಕೈಯಲ್ಲಿದ್ದ ರಟ್ಟಿನ ಡಬ್ಬಿಯನ್ನು ಬಾಗಿಲಲ್ಲೇ ಇಟ್ಟು, ನೇರ ಬಾಲ್ಕನಿಗೆ ಬಂದವರೇ ಮುಖ ಅರಳಿಸಿದರು.

"ಅಯ್ಯೋ, ನನ್ನ ನಿಂಬೆ. ಎಷ್ಟು ಎತ್ತರ ಆಗಿದೆ ಕಣೇ. ಕುಂಡದ ಅಂಚು ನೋಡು, ನಮ್ಮ ಬಾವಿಕಟ್ಟೆಗೆ ತಾಗಿ ಮುಕ್ಕಾದದ್ದು ಹಾಗೇ ಇದೆ."

ಮನೆಯಾಕೆ ಬಾಲ್ಕನಿಯ ಮೂಲೆಯ ಜರಿಗಿಡದ ಹಿಂದೆ ಸರಿದು ನಿಂತರು.

"ಅತ್ತೆ, ಇದು ನಿಮ್ಮ ಕುಂಡವೇ?" ರಾಯರ ಧ್ವನಿ ತೆಳ್ಳಗಾಗಿತ್ತು.

"ಮತ್ತೆ ಯಾರದ್ದು? ಈ ಕರಿ ಹುಳಗಳು ನಮ್ಮಲ್ಲಿ ಕಾಲಿಟ್ಟಲ್ಲೆಲ್ಲ ಇವೆ. ಇಲ್ಲಿ ಇವನ್ನ ತಟ್ಟೆಯಲ್ಲಿಟ್ಟು ಮೆರೆಸ್ತೀರಾ?"

"ಇದು ಇಲ್ಲಿಗೆ ಬಂದದ್ದು ಹೇಗೆ?"

"ಇದೇನು ಅಳಿಯಂದ್ರೆ ಹೀಗೆ ಕೇಳ್ತೀರಿ. ನೀವೇ ಅಲ್ವೇ ಹೊತ್ತುಕೊಂಡು ಬಂದದ್ದು? ರಟ್ಟಿನ ಡಬ್ಬಿಯಲ್ಲಿ ಕಂಬಳಿ ಸುತ್ತಿ ಕೊಟ್ಟಿದ್ದೆನಲ್ಲ."

ರಾಯರಿಗೆ ಆ ಪ್ರಯಾಣವೆಲ್ಲ ಕಣ್ಣಮುಂದೆ ಬಂತು. ಡಬ್ಬಿಯನ್ನು ಓರೆ ಮಾಡಬೇಡಿ, ಮೆಷಿನ್ನಿನ ಎಣ್ಣೆ ಚೆಲ್ಲುತ್ತದೆ ಎಂದಿದ್ದರು ಮನೆಯಾಕೆ. ಡಬ್ಬಿಗೆ ಸುತ್ತ ತೂತುಗಳೇಕೆ ಎಂದರೆ ತುಕ್ಕು ಹಿಡಿಯದಿರಲು ಗಾಳಿ ಬೇಕು ಎಂದಿದ್ದರು. ಒಂದು ಹಗಲು ಪೂರ್ತಿ ಅದನ್ನು ಮಡಿಲಲ್ಲಿಟ್ಟುಕೊಂಡು, ಮೂರು ಮಹಡಿ ಹತ್ತಿಸಿ, ಆಮೇಲೆ ವಾರ ಕಾಲ ಹಾಸಿಗೆ ಹಿಡಿದಿದ್ದರು.

"ಹೊಲಿಗೆ ಮೆಷಿನ್" ಎಂದರು ರಾಯರು.

"ಹೇಳಬೇಕು ಅಂತಲೇ ಇದ್ದೆ ರೀ. ನೀವು ಒಂದು ಚಿಟಿಕೆ ಮಣ್ಣೂ ಬರಬಾರದು ಅಂದಿದ್ರಿ. ಅಮ್ಮ ಆಸೆಪಟ್ಟು ಬೆಳೆಸಿದ ಗಿಡ. ಬಿಟ್ಟು ಬರೋಕೆ ಮನಸ್ಸಾಗಲಿಲ್ಲ" ಎಂದು ಜರಿಗಿಡ ಹೇಳಿತು.

ರಾಯರು ಇಂಗು ತಿಂದ ಮಂಗನಂತೆ ಮೇಡಂ ಮುಖ ನೋಡಿದರು. ಹಲ್ಲಿನ ಡಾಕ್ಟರು ಮದುವೆಯಲ್ಲಿ ಊಟ ಚೆನ್ನಾಗಿದೆ ಎಂದು ಈಗಷ್ಟೇ ಗೊತ್ತಾದವರ ಹಾಗೆ ಚುರುಕಾದರು. "ಅಂದ್ರೆ ಇದು ಲೆಕ್ಕಕ್ಕೆ ಬರಲ್ಲ, ಅಲ್ವೇ ಮೇಡಂ?"

ಮೇಡಂ ಕುಂಚ ಕೆಳಗಿಟ್ಟು ನಗುತ್ತಿದ್ದರು. "ಬರದೇ ಏನು? ಈ ಹಾವು ಲೋಕ ಸುತ್ತಿರೋದೇ ಹೀಗೆ, ಕುಂಡಗಳಲ್ಲಿ ಕೂತು. ಆದ್ರೆ ಯಾವ ಕುಂಡ, ಯಾವ ಊರಿಂದ, ಯಾರ ಮಡಿಲಲ್ಲಿ ಬಂತು ಅಂತ ಯಾರಿಗೂ ಗೊತ್ತಿರಲ್ಲ. ನಿಮ್ಮಲ್ಲಿ ಎಲ್ಲವೂ ಗೊತ್ತು. ಅಡುಗೆಮನೆ ಶಾಖಕ್ಕೆ ಮೂರು ಚಳಿಗಾಲ ಕಳೆದು ಮೊಟ್ಟೆಯನ್ನೂ ಇಟ್ಟಿದೆ. ಖಂಡಿತ ದಾಖಲಿಸ್ತೀನಿ."

"ನನ್ನ ಹೆಸರು?" ರಾಯರು ಉಸಿರು ಬಿಗಿಹಿಡಿದು ಕೇಳಿದರು.

"ಎರಡು ಕಡೆ ಬರುತ್ತೆ ಸರ್. ಮೊದಲು ಕಂಡವರು ನೀವು. ಊರಿಗೆ ತಂದವರೂ ನೀವು. ತಾವೇ ತಂದು ತಾವೇ ಕಂಡುಹಿಡಿದವರು ನಮ್ಮ ಪುಸ್ತಕದಲ್ಲಿ ಇದುವರೆಗೆ ಯಾರೂ ಇಲ್ಲ." ಆಕೆ ಎದ್ದು ಕೈಗೆ ಅಂಟಿದ ಮಣ್ಣು ಕೊಡವಿಕೊಂಡರು. "ಒಂದೇ ಕೋರಿಕೆ. ಇವುಗಳನ್ನ ನಾವು ಗಮನಿಸುತ್ತಾ ಇರಬೇಕು. ಈ ಮನೆಯ ಕುಂಡ ಯಾವುದನ್ನೂ ಹೊರಗೆ ಹಾಕಬೇಡಿ."

"ಖಂಡಿತ ಹಾಕಲ್ಲ" ಎಂದರು ಮನೆಯಾಕೆ, ಜರಿಗಿಡದ ಹಿಂದಿನಿಂದ ಹೊರಗೆ ಬರುತ್ತ.

ಪುಸ್ತಕ ಅಚ್ಚಾಗಿ ಬಂತು. ಅದರಲ್ಲಿ ರಾಯರ ಹೆಸರು ನಿಜಕ್ಕೂ ಎರಡು ಕಡೆ ಇತ್ತು. ಪ್ರಯಾಣದ ವಿವರವೂ ಇತ್ತು. 'ಹೊಲಿಗೆ ಯಂತ್ರವೆಂದು ನಂಬಿಸಿ' ಎಂಬ ಮೂರು ಪದಗಳನ್ನು ಮೇಡಂ ವಿಜ್ಞಾನದ ನಿಷ್ಠೆಯಿಂದ ಉಳಿಸಿಕೊಂಡಿದ್ದರು. ಹಲ್ಲಿನ ಡಾಕ್ಟರು ಈಗ ರೋಗಿಗಳಿಗೆ ಹಲ್ಲಿಯ ಕಥೆ ಹೇಳುವುದಿಲ್ಲ, ರಾಯರ ಕಥೆ ಹೇಳುತ್ತಾರೆ. ಹಾಗಿದ್ದರೂ ರಾಯರು ಆ ಪುಟಕ್ಕೆ ಕಟ್ಟು ಹಾಕಿಸಿ ಅಂಗಡಿಯ ಗೋಡೆಗೆ ಹಾಕಿದ್ದಾರೆ. ಅಕ್ಷರ ಓದಿಸಿ ಕಣ್ಣು ಪರೀಕ್ಷೆ ಮಾಡುವಾಗ ಅದನ್ನೇ ಓದಿಸುತ್ತಾರೆ, ನಂಬಿಸಿದ ಸಾಲು ಬರುವ ಮುಂಚೆಯೇ ಸಾಕು ಎನ್ನುತ್ತಾರೆ.

ಆ ಭಾನುವಾರ ಎಲ್ಲರೂ ಹೋದ ಮೇಲೆ ರಾಯರು ಬಾಲ್ಕನಿಯಲ್ಲಿ ಕೊನೆಗೂ ಕುರ್ಚಿ ಹಾಕಿಕೊಂಡು ಕೂತರು. ಮನಸ್ಸು ತುಂಬಿತ್ತು. ತಾಯಿ ಮಗಳನ್ನು ಕರೆದು ಪಾಠ ಹೇಳಿದರು. "ಈ ಹಾವಿನ ವಿಶೇಷ ಗೊತ್ತೇ? ಈ ಜಾತಿಯಲ್ಲಿ ಗಂಡೇ ಇಲ್ಲ. ಬರೀ ಹೆಣ್ಣು. ತಾವೇ ಮೊಟ್ಟೆ ಇಟ್ಟು ತಾವೇ ವಂಶ ಬೆಳೆಸ್ತವೆ. ಗಂಡು ಬೇಕಾಗೇ ಇಲ್ಲ."

"ಹೌದಾ?" ಅತ್ತೆ ಮಗಳ ಮುಖ ನೋಡಿದರು. ಮಗಳು ಬಾಗಿಲಲ್ಲಿದ್ದ ರಟ್ಟಿನ ಡಬ್ಬಿಯ ಕಡೆ ನೋಡಿದರು. ಡಬ್ಬಿಯ ಸುತ್ತ ತೂತುಗಳಿದ್ದವು.

"ಗಂಡು ಬೇಡ ಅಂದ್ರೆ ಹೇಗೆ ರೀ?" ಎಂದರು ಮನೆಯಾಕೆ, ಇದ್ದಬದ್ದ ಪ್ರೀತಿಯನ್ನೆಲ್ಲ ದನಿಗೆ ತಂದುಕೊಂಡು. "ಕುಂಡ ಹೊರೋಕೆ ಯಾರಾದ್ರೂ ಬೇಕಲ್ಲ. ಏಳಿ, ಅದನ್ನ ಈ ಕಡೆ ತಂದಿಡಿ. ಓರೆ ಮಾಡಬೇಡಿ."

ರಾಯರು ಕುರ್ಚಿ ಮಡಿಸಿ ಕುಂಡಕ್ಕೆ ಜಾಗ ಮಾಡಿಕೊಟ್ಟು, ಸೊಂಟ ಹಿಡಿದುಕೊಂಡು ಡಬ್ಬಿ ಎತ್ತಲು ಹೋದರು.