ಹನ್ನೊಂದನೇ ಪ್ರಶ್ನೆಗೆ ಉತ್ತರ

ಮಗಳು ಅಕ್ಷತಾಳ ಹೆರಿಗೆಗೆ ಹೋಗಲು ತುಂಬಿಸುತ್ತಿದ್ದ ಆಸ್ಟ್ರೇಲಿಯಾ ವೀಸಾ ಫಾರಮ್ಮಿನಲ್ಲಿ ಹತ್ತನೇ ಪ್ರಶ್ನೆಯ ತನಕ ಅಡವಿಯಪ್ಪ ಮರ್ಯಾದಸ್ಥನಾಗಿಯೇ ಇದ್ದ. ಹನ್ನೊಂದನೆಯದನ್ನು ಪಕ್ಕದ ಮನೆಯ ಲಕ್ಷ್ಮೀನರಸಿಂಹಯ್ಯನವರು ಗಟ್ಟಿಯಾಗಿ ಓದಿದರು: "ನಿಮಗೆ ಯಾವತ್ತಾದರೂ ಕೋರ್ಟಿನಲ್ಲಿ ಶಿಕ್ಷೆ ಆಗಿದೆಯೇ?" ತಾಲ್ಲೂಕು ಆಫೀಸಿನಿಂದ ರಿಟೈರಾದ ಮೇಲೆ ಆ ಬೀದಿಯ ಅರ್ಜಿಗಳನ್ನೆಲ್ಲ ತುಂಬುವವರು ಅವರೇ. "ಇಲ್ಲ ಅಂತ ಹಾಕ್ಲಾ?" ಎಂದರು.

ಅಡವಿಯಪ್ಪ ತಲೆ ಕೆರೆದುಕೊಂಡ. ಹೆಂಡತಿ ಗಂಗಾಂಬಿಕೆ ಅವನ ಮುಖ ನೋಡಿ ಕಾಫಿ ಲೋಟ ಕೆಳಗಿಟ್ಟಳು.

"ಗುಬ್ಬೀಲಿ... ಇಸ್ಪೀಟು. ಅವತ್ತೇ ಫೈನ್ ಕಟ್ಟಿದೀನಿ," ಎಂದ ಅಡವಿಯಪ್ಪ.

ಮದುವೆಗೆ ಮುಂಚಿನ ಮಾತು. ತೋಟದ ಪಂಪ್‌ಹೌಸಿನಲ್ಲಿ ಎಲೆ ಹಾಕುತ್ತಿದ್ದಾಗ ಪೊಲೀಸರು ಬಂದಿದ್ದರು. ಮಾರನೇ ದಿನ ಎಲ್ಲರ ಜೊತೆ ಸಾಲಾಗಿ ನಿಂತು, ತಪ್ಪಾಯ್ತು ಅಂತ ಒಪ್ಪಿಕೊಂಡು, ದಂಡ ಕಟ್ಟಿ ಮಧ್ಯಾಹ್ನದ ಮುದ್ದೆ ಊಟದ ಹೊತ್ತಿಗೆ ಮನೆ ಸೇರಿದ್ದ. ಇಪ್ಪತ್ತೆಂಟು ವರ್ಷ ಹೆಂಡತಿಗೂ ಬಾಯಿ ಬಿಟ್ಟಿರಲಿಲ್ಲ.

ಗಂಗಾಂಬಿಕೆ ಕೂಗಾಡಲಿಲ್ಲ. ಅದರಿಂದಲೇ ಅವನಿಗೆ ಹೆಚ್ಚು ಭಯವಾಯಿತು. "ಅಕ್ಷತಾಗೆ ಚೊಚ್ಚಲ ಹೆರಿಗೆ, ಅಲ್ಲಿ ಯಾರವ್ರೆ ಅವ್ಳಿಗೆ?" ಎಂದಳು. "ಕುಣಿಗಲ್‌ಗೇ ಒಬ್ಳೇ ಹೋದೋಳಲ್ಲ ನಾನು. ನೀವಿಲ್ದೆ ವಿಮಾನ ಹೆಂಗೆ ಹತ್ಲಿ?"

"ವೀಸಾ ಲಾಯರ್ ಒಬ್ರವ್ರೆ, ನಡೀರಿ," ಎಂದರು ಲಕ್ಷ್ಮೀನರಸಿಂಹಯ್ಯನವರು. "ಕುಣಿಗಲ್ ಕಡೆಯೋರು. ಅವ್ರ ವೀಸಾನೇ ಎರಡು ಸಲ ರಿಜೆಕ್ಟ್ ಆಯ್ತಂತೆ. ಅದೇ ಹಟಕ್ಕೆ ಈ ಕಾನೂನು ಕಲಿತ್ರಂತೆ."

ಮನೆಯಿಂದ ತುಮಕೂರಿನ ಬಟವಾಡಿ ಸರ್ಕಲ್ಲಿಗೆ ಆಟೋದಲ್ಲಿ ಹತ್ತು ನಿಮಿಷ. ಅಷ್ಟರಲ್ಲಿ ಲಕ್ಷ್ಮೀನರಸಿಂಹಯ್ಯನವರು ಆಟೋದವನಿಗೆ ಇಡೀ ಕೇಸು ವಿವರಿಸಿ ಮುಗಿಸಿದರು. ಇಳಿಯುವಾಗ ಆಟೋದವನು, "ಎದೆಗುಂದ್ಬೇಡಿ ಯಜಮಾನ್ರೇ, ನಮ್ಮ ಭಾವ ಕೊಲೆ ಕೇಸಲ್ಲೇ ಹೊರಗೆ ಬಂದವ್ನೆ," ಎಂದು ಸಮಾಧಾನ ಹೇಳಿದ. ಅಡವಿಯಪ್ಪನಿಗೆ ರಸ್ತೆಯಲ್ಲೇ ಕೂತು ಅಳಬೇಕೆನಿಸಿತು.

ಸರ್ಕಲ್ಲಿನ ಒಂದು ಕ್ಲಿನಿಕ್ಕಿನ ಮೇಲಿನ ಆಫೀಸು ರೂಮಿನಲ್ಲಿ ಫೈಲುಗಳ ರಾಶಿಯ ಹಿಂದೆ ಲಾಯರ ಕನ್ನಡಕವಷ್ಟೇ ಕಾಣುತ್ತಿತ್ತು. ಅವರು ತಾಳ್ಮೆಯಿಂದ ಕೇಳಿದರು. "ಹೆದರ್ಬೇಡಿ. ಇಸ್ಪೀಟು ಸಣ್ಣ ಕೇಸು. ಮುಚ್ಚಿಡದೆ ಬರೆದ್ರೆ ವೀಸಾ ಸಿಗುತ್ತೆ. ಗುಬ್ಬಿ ಕೋರ್ಟಿಂದ ನಿಮ್ಮ ಹೆಸರಿನ ಆರ್ಡರ್ ಕಾಪಿ ತರಿಸ್ತೀನಿ."

ಗಂಗಾಂಬಿಕೆ ಕೈ ಮುಗಿದಳು. ಅಡವಿಯಪ್ಪ ಕುರ್ಚಿಯಲ್ಲಿ ಮುಂದಕ್ಕೆ ಸರಿದ.

"ನನ್ನ ಹೆಸರಲ್ಲಿ ಸಿಗಲ್ಲ ಸಾರ್. ಅಪ್ಪನಿಗೆ ಗೊತ್ತಾಗುತ್ತೆ ಅಂತ ಬೇರೆ ಹೆಸರು ಕೊಟ್ಟಿದ್ದೆ."

ಲಕ್ಷ್ಮೀನರಸಿಂಹಯ್ಯನವರು ಅವನ ಬೆನ್ನು ತಟ್ಟಿದರು. "ಅಯ್ಯೋ ಪುಣ್ಯಾತ್ಮ, ಅಂದ್ಮೇಲೆ ನಿನ್ಮೇಲೆ ಕೇಸೇ ಇಲ್ವಲ್ಲೋ! ಇಲ್ಲ ಅಂತ ಟಿಕ್ ಹಾಕು, ಬುಡು."

ಗಂಗಾಂಬಿಕೆ ಆ ದಿನ ಮೊದಲ ಸಲ ನಕ್ಕಳು. ಲಾಯರು ಮಾತ್ರ ಪೆನ್ನು ಕೆಳಗಿಟ್ಟರು. "ಯಾವೂರು ನಿಮ್ದು? ಯಾರ ಹೆಸರು ಕೊಟ್ರಿ?"

ಅಡವಿಯಪ್ಪ ಕುಣಿಗಲ್ ಹತ್ತಿರದ ತನ್ನ ಊರಿನ ಹೆಸರು ಹೇಳಿದ. "ಅಲ್ಲಿ ನಮ್ಮ ಹೆಡ್‌ಮಾಸ್ಟರ ಮಗ ಸಂಗಮೇಶ ಅಂತ ಒಬ್ಬನಿದ್ದ ಸಾರ್. ತುಮಕೂರಲ್ಲಿ ಹಾಸ್ಟೆಲಲ್ಲಿ ಓದ್ತಿದ್ದ, ಬಲೇ ಒಳ್ಳೇ ಹುಡುಗ. ಅವನ ಹೆಸರು ಹೇಳಿದ್ರೆ ಪೊಲೀಸ್ನೋರು ಹೊಡೆಯಲ್ಲ ಅಂತ..."

ಲಾಯರು ಎದ್ದು ಮೇಜಿನ ಮೇಲಿನ ಫೈಲುಗಳನ್ನು ಒಂದೊಂದಾಗಿ ಪಕ್ಕಕ್ಕಿಟ್ಟರು. ಅವುಗಳ ಹಿಂದೆ ಮುಚ್ಚಿಹೋಗಿದ್ದ ಬೋರ್ಡು ಕಾಣಿಸಿತು: ಸಂಗಮೇಶ್, ವಕೀಲರು.

"ಎರಡು ಸಲ ವೀಸಾ ಹೋಯ್ತು ನಂದು," ಎಂದರು ಅವರು ಮೆಲ್ಲಗೆ. "ಕೈಯಿಂದ ಎಲೆ ಮುಟ್ಟಿದವನಲ್ಲ ನಾನು. ನಮ್ಮಪ್ಪ ಸಾಯೋವರೆಗೂ ನನ್ನ ಮಾತು ನಂಬಲಿಲ್ಲ."

ಲಾಯರು ಒಂದು ಛಾಪಾ ಕಾಗದ ತೆಗೆದು ಅಡವಿಯಪ್ಪನ ಮುಂದಿಟ್ಟರು. "ನಡೆದದ್ದೆಲ್ಲ ಬರೆದುಕೊಡಿ. ಇಸ್ಪೀಟು ಸಣ್ಣ ಕೇಸು ಅಂದೆ. ಕೋರ್ಟಿಗೆ ಸುಳ್ಳು ಹೆಸರು ಕೊಟ್ಟಿದ್ದು ಸಣ್ಣದಲ್ಲ."

ಗಂಗಾಂಬಿಕೆ ಸೆರಗಿನಲ್ಲಿ ಕಣ್ಣೊರೆಸಿಕೊಂಡು, ಒಬ್ಬಳೇ ಹೊರಟರೆ ವಿಮಾನದಲ್ಲಿ ತನ್ನ ಸೀಟು ಯಾವುದು ಅಂತ ಯಾರನ್ನು ಕೇಳಬೇಕು ಎಂದು ಲಕ್ಷ್ಮೀನರಸಿಂಹಯ್ಯನವರನ್ನು ವಿಚಾರಿಸತೊಡಗಿದಳು. ಇಪ್ಪತ್ತೆಂಟು ವರ್ಷಗಳ ಮೇಲೆ ಅಡವಿಯಪ್ಪ ಆ ಕೇಸಿಗೆ ತನ್ನ ಸ್ವಂತ ಹೆಸರಿನಲ್ಲಿ ಸಹಿ ಹಾಕಿದ.