ನಮ್ಮ ಬೀಗ, ನಮ್ಮ ಕೀಲಿ

ಮೇಷ್ಟ್ರು ಪಾಸ್‌ವರ್ಡ್ ಮರೆತಿದ್ದರು. ಆಗಲೇ ಬೆಳಿಗ್ಗೆ ಒಂಬತ್ತೂ ಕಾಲು. ಹನ್ನೊಂದಕ್ಕೆ ಹತ್ತನೇ ತರಗತಿಯ ವಿಜ್ಞಾನ ಪರೀಕ್ಷೆ. ಪ್ರಶ್ನೆಪತ್ರಿಕೆ ಕಂಪ್ಯೂಟರಿನ ಹೊಟ್ಟೆಯೊಳಗೆ.

ಕಳೆದ ವರ್ಷ ಪತ್ರಿಕೆ ಸೋರಿತ್ತು. ಇನ್ನೊಮ್ಮೆ ಸೋರಿದರೆ ಕೆಲಸಕ್ಕೆ ಬರುವುದೇ ಬೇಡ ಎಂದಿದ್ದರು ಹೆಡ್‌ಮಿಸ್ಟ್ರೆಸ್. ಎಲ್ಲ ಇಂಟರ್ನೆಟ್ಟಿನದೇ ಕಿತಾಪತಿ ಎಂದು ತೀರ್ಮಾನಿಸಿದ ಮೇಷ್ಟ್ರು, ಆನ್‌ಲೈನ್ ಖಾತೆ ತೆಗೆದುಹಾಕಿ, ಈ ಕಂಪ್ಯೂಟರಿಗಷ್ಟೇ ಸೇರಿದ ಲೋಕಲ್ ಖಾತೆ ಮಾಡಿಕೊಂಡರು. ನೆಟ್ಟಿನ ತಂತಿಯನ್ನು ಕಿತ್ತು ಅಟ್ಟಕ್ಕೆಸೆದರು. ಪತ್ರಿಕೆಯ ಇನ್ನೊಂದು ಪ್ರತಿಯನ್ನೂ ಇಡಲಿಲ್ಲ. "ನಮ್ಮ ಬೀಗ, ನಮ್ಮ ಕೀಲಿ" ಎಂದು ಕಂಡಕಂಡವರಿಗೆ ಹೇಳಿದ್ದೇ ಹೇಳಿದ್ದು.

"ದೊಡ್ಡ ಎಸ್... ಯು... ಒಂದು, ಒಂಬತ್ತು..." ಎನ್ನುತ್ತಾ ಒತ್ತಿದರು. ಇಪ್ಪತ್ತೆರಡು ವರ್ಷ ನೋಟ್ಸ್ ಬರೆಸಿದ ಬಾಯಿ. ಅದು ಆಡದೆ ಅವರ ಬೆರಳು ಓಡುತ್ತಿರಲಿಲ್ಲ. ಪರದೆ ತಪ್ಪು ಎಂದಿತು.

"ಫೋನಿಗೆ ನಂಬರ್ ಬರಲ್ವೇನ್ರೀ? ನನಗೆ ಬರುತ್ತೆ" ಎಂದಳು ಹೆಂಡತಿ.

"ಅದು ಆನ್‌ಲೈನ್‌ನವರಿಗೆ. ನಂದು ಲೋಕಲ್ಲು."

"ಹಾಗಾದ್ರೆ ಒದ್ದಾಡಿ."

ಎದುರುಮನೆಯ ನಿವೃತ್ತ ಪೋಸ್ಟ್‌ಮಾಸ್ಟರು ಕರೆಯದಿದ್ದರೂ ಬಂದು ಕನ್ನಡಕ ಏರಿಸಿದರು. "ಇಲ್ಲೇನೋ ಪ್ರಶ್ನೆ ಕೇಳ್ತಿದೆ ನೋಡಿ. ಚಿಕ್ಕಂದಿನ ಅಡ್ಡಹೆಸರು ಏನು ಅಂತ."

ಮೇಷ್ಟ್ರು ತಡೆಯುವಷ್ಟರಲ್ಲಿ ಹೆಂಡತಿ, "ಕುಂಬಳಕಾಯಿ" ಎಂದುಬಿಟ್ಟಳು.

"ಕುಂಬಳಕಾಯಿ" ಎಂದು ಪೋಸ್ಟ್‌ಮಾಸ್ಟರು ಬಾಯಿ ಚಪ್ಪರಿಸಿದರು. ಮಾನ ಹೋಯಿತು, ಬೀಗ ತೆರೆಯಲಿಲ್ಲ.

"ಸೇಫ್ಟಿಗೆ ಅಂತ ಸುಳ್ಳು ಉತ್ತರ ಕೊಟ್ಟಿದ್ದೆ" ಎಂದರು ಮೇಷ್ಟ್ರು.

"ಏನಂತ?"

"ಅದೇ ನೆನಪಿಲ್ಲ."

"ಸುಳ್ಳು ಹೇಳೋನಿಗೆ ಜ್ಞಾಪಕ ಇರಬೇಕು ಕಣ್ರೀ" ಎಂದು ಪೋಸ್ಟ್‌ಮಾಸ್ಟರು ಕುರ್ಚಿ ಎಳೆದು ಕುಳಿತರು.

ಫೋನು ಹೊಡೆದುಕೊಂಡಿತು. ಹೆಡ್‌ಮಿಸ್ಟ್ರೆಸ್. "ಹತ್ತೂವರೆಗೆ ಪತ್ರಿಕೆ ನನ್ನ ಮೇಜಿನ ಮೇಲಿರಲಿ."

"ದಾರೀಲಿದೀನಿ ಮೇಡಂ" ಎಂದರು ಮೇಷ್ಟ್ರು, ಬನಿಯನ್ನಿನಲ್ಲಿ ಬೆವರುತ್ತಾ. ಮತ್ತೆ ಏಳು ಸಲ ಒತ್ತಿದರು, ಮತ್ತೆ ಏಳು ಸಲ ತಪ್ಪಾಯಿತು. ಒಂಬತ್ತು ಐವತ್ತಾಯಿತು. ನಾಳೆಯಿಂದ ಮನೆಯಲ್ಲೇ ಕೂರುವುದು ಕಣ್ಣಿಗೆ ಕಟ್ಟಿ ಅಳುವೇ ಬಂತು.

ಅಷ್ಟರಲ್ಲಿ ಕೆಳಗಿನ ಅಂಗಡಿಯಲ್ಲಿ ಹೊಲಿಗೆ ಮಿಷಿನ್ನಿನ ಸದ್ದು ನಿಂತಿತು. ಕೊರಳಲ್ಲಿ ಟೇಪು ನೇತುಹಾಕಿಕೊಂಡು ದರ್ಜಿ ಮೆಟ್ಟಿಲು ಹತ್ತಿ ಬಂದ.

"ಆಗಿಂದ ತಪ್ಪು ಹೇಳ್ತಿದೀರಲ್ಲ ಮೇಷ್ಟ್ರೇ. ದೊಡ್ಡ ಕೆ, ಎ, ಪಿ, ಪಿ, ಇ. ಆಮೇಲೆ ನಾಲ್ಕು, ಎರಡು. ಕೊನೇಲಿ ಒಂದು ನಕ್ಷತ್ರ."

ಒತ್ತಿದರು. ತೆರೆಯಿತು. ಮೇಷ್ಟ್ರಿಗೆ ಹೋದ ಜೀವ ಬಂದಂತಾಯಿತು. ಪ್ರಿಂಟರು ಮೊದಲ ಹಾಳೆಯನ್ನು ಹೊರಗೆ ತಳ್ಳಿತು.

"ನಿನಗೆ ಹೇಗಪ್ಪಾ ಗೊತ್ತಾಯ್ತು?"

"ಮೊನ್ನೆ ನೀವೇ ಹೇಳ್ತಿದ್ರಿ. ನನ್ನ ಮಿಷಿನ್ನು ನಿಮ್ಮ ಕಿಟಕಿ ಕೆಳಗೇ ತಾನೆ? ನೀವು ಏನು ಟೈಪ್ ಮಾಡಿದ್ರೂ ಕೇಳ್ಸುತ್ತೆ."

"ಏನು ಮಾಡಿದ್ರೂ?"

"ಪ್ರತಿಯೊಂದೂ. ನಮ್ಮ ಚಿಕ್ಕವಳು ನೀಟಾಗಿ ಬರ್ಕೊಂಡು ಕ್ಲಾಸಿಗೆಲ್ಲ ಹಂಚಿದ್ಲು. ಹೋದ ವರ್ಷ ದೊಡ್ಡವಳೂ ಹಾಗೇ. ಎಷ್ಟು ನಿಧಾನವಾಗಿ, ಬಿಡಿಸಿ ಬಿಡಿಸಿ ಹೇಳ್ತೀರಿ ಮೇಷ್ಟ್ರೇ. ಆ ಏಳನೇ ಪ್ರಶ್ನೆಗೆ ಮಾತ್ರ ಉತ್ತರ ಸಿಕ್ಕಿಲ್ಲವಂತೆ, ಅದನ್ನೂ ಕೇಳ್ಕೊಂಡು ಹೋಗೋಣ ಅಂತ ಬಂದೆ."

ಮೇಷ್ಟ್ರು ಎದ್ದು ಕಿಟಕಿ ಮುಚ್ಚಿ ಚಿಲಕ ಹಾಕಿದರು. ಹೊಸ ಪತ್ರಿಕೆಗೆ ಉಳಿದಿದ್ದು ಅರ್ಧ ಗಂಟೆ. ದರ್ಜಿ ಬಾಗಿಲಲ್ಲೇ ನಿಂತಿದ್ದ, ಪೋಸ್ಟ್‌ಮಾಸ್ಟರು ಕುರ್ಚಿ ಬಿಟ್ಟಿರಲಿಲ್ಲ. ಮೇಷ್ಟ್ರು ತುಟಿ ಬಿಗಿಯಾಗಿ ಕಚ್ಚಿಕೊಂಡು ಕೀಲಿಮಣೆಯ ಮೇಲೆ ಕೈಯಿಟ್ಟರು.

ಒಂದು ಬೆರಳೂ ಅಲ್ಲಾಡಲಿಲ್ಲ.